ಮೊದಲ ನಾಯಿ: ತಳಿಯ ವಿಚಾರಕ್ಕೆ ಮುನ್ನ ಮನೆಯ ವಿಚಾರ

ನಮ್ಮ ನಾಡಿನ ಗೃಹಸ್ಥರಿಗೆ ನಾಯಿಯ ಸಹವಾಸ ಹೊಸದೇನೂ ಅಲ್ಲ. ಹೊಲಮನೆಯ ಅಂಗಳದಲ್ಲಿ, ಸುಗ್ಗಿಯ ಕಾಲದ ಕಣದಲ್ಲಿ, ಕುರಿಹಟ್ಟಿಯ ಮಗ್ಗುಲಲ್ಲಿ ಒಂದು ನಾಯಿ ಇದ್ದೇ ಇರುತ್ತಿತ್ತು. ಅದನ್ನು ಯಾರೂ ಹಣ ಕೊಟ್ಟು ತಂದಿರಲಿಲ್ಲ. ತಾನಾಗಿಯೇ ಬಂದು ಸೇರಿ, ಮಿಕ್ಕ ರೊಟ್ಟಿಯನ್ನು ತಿಂದು, ಇರುಳೆಲ್ಲ ಕಾವಲಿದ್ದು, ಮನೆಯ ಒಂದು ಜೀವವಾಗಿ ಬಾಳಿ ಹೋಗುತ್ತಿತ್ತು. ಅದರ ತಳಿ ಯಾವುದೆಂದು ಕೇಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ಇಂದು ಪರಿಸ್ಥಿತಿ ಬೇರೆಯಾಗಿದೆ. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ಬೆಂಗಳೂರುಗಳಂತಹ ಊರುಗಳಲ್ಲಿ ನೆಲೆಸಿದ ಕುಟುಂಬಗಳು ಸಾವಿರಾರು ರೂಪಾಯಿ ತೆತ್ತು ಮರಿಗಳನ್ನು ಕೊಂಡು ತರುತ್ತಿವೆ. ಮಕ್ಕಳ ಹಟ, ನೆರೆಮನೆಯ ನಾಯಿಯ ಅಂದ, ಚಲನಚಿತ್ರದಲ್ಲಿ ಕಂಡ ಒಂದು ಮುದ್ದಾದ ಮುಖ ಇವುಗಳಲ್ಲಿ ಯಾವುದಾದರೊಂದು ಕಾರಣವಾಗುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಯಾವ ತಳಿ ಒಳ್ಳೆಯದು?' ಪ್ರಶ್ನೆ ಸಹಜವಾದುದೇ. ಆದರೆ ಅದು ಮೊದಲು ಕೇಳಬೇಕಾದ ಪ್ರಶ್ನೆಯಲ್ಲ, ಕೊನೆಗೆ ಕೇಳಬೇಕಾದುದು. 'ನಮ್ಮ ಮನೆ ಎಂತಹದು?' ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ದೊರೆತ ಮೇಲೆಯೇ ತಳಿಯ ವಿಚಾರಕ್ಕೆ ಅರ್ಥ ಬರುತ್ತದೆ.

ಕನ್ನಡ ನಾಡಿನ ಒಂದು ನೆನಪು

ನಾಯಿಯನ್ನು ನಮ್ಮ ಹಿರಿಯರು ಎಷ್ಟು ಗೌರವದಿಂದ ಕಂಡಿದ್ದರೆಂಬುದಕ್ಕೆ ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಿಲಾಶಾಸನವೇ ಸಾಕ್ಷಿ. ಕ್ರಿ.ಶ. 949-50ರ ಆ ಹಳಗನ್ನಡ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದ ವೃತ್ತಾಂತವನ್ನು ತಿಳಿಸುವ ಅದೇ ಕಲ್ಲು, ಮಣಲೇರನೆಂಬ ವೀರನ ಬಳಿ ಇದ್ದ 'ಕಾಳಿ' ಎಂಬ ಬೇಟೆನಾಯಿಯ ಕಥೆಯನ್ನೂ ಹೇಳುತ್ತದೆ. ಕಾಳಿಯು ಒಂದು ದೊಡ್ಡ ಕಾಡುಹಂದಿಯೊಡನೆ ಸೆಣಸಿತು. ಹಂದಿಯೂ ನಾಯಿಯೂ ಎರಡೂ ಮಡಿದವು. ಆ ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿದರು. ಇಂದು ಆ ಶಿಲೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳಿಗೂ ಹಿಂದೆ ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿದ ನಾಡು ನಮ್ಮದು. ಆದುದರಿಂದ ನಾಯಿಯನ್ನು ಆಟದ ಬೊಂಬೆಯಂತೆ ಕೊಂಡು, ಬೇಸರವಾದಾಗ ಬೀದಿಗೆ ಬಿಡುವ ಇಂದಿನ ರೂಢಿ ನಮಗೆ ಶೋಭಿಸತಕ್ಕದ್ದಲ್ಲ.

ತಳಿ ಎಂದರೇನು?

ತಳಿ ಎಂಬುದು ಮನುಷ್ಯನು ತನ್ನ ಕೆಲಸಕ್ಕಾಗಿ ಮಾಡಿಕೊಂಡ ವಿಂಗಡಣೆ. ಕುರಿ ಕಾಯಲು, ಬೇಟೆಯಾಡಲು, ಬಿಲ ತೋಡಲು, ನೀರಿಗೆ ಬಿದ್ದ ಹಕ್ಕಿಯನ್ನು ತರಲು, ಮಡಿಲಲ್ಲಿ ಕುಳಿತಿರಲು ಹೀಗೆ ಒಂದೊಂದು ಉದ್ದೇಶಕ್ಕೆ ಒಂದೊಂದು ಬಗೆಯ ನಾಯಿಯನ್ನು ತಲೆಮಾರುಗಳಿಂದ ಆರಿಸಿ ಬೆಳೆಸಿದರು. ಈ ತಳಿಗಳಿಗೆ ಲಿಖಿತ ಲಕ್ಷಣಗಳನ್ನು ಗೊತ್ತುಪಡಿಸುವ ಪದ್ಧತಿ ಬಲವಾದುದು 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾದ ತರುವಾಯ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು. ತಳಿಯು ದೇಹದ ವಿಷಯವನ್ನು ಖಚಿತವಾಗಿ ಹೇಳುತ್ತದೆ. ಮರಿ ಎಷ್ಟು ಎತ್ತರವಾದೀತು, ಕೂದಲು ಎಷ್ಟು ಉದುರೀತು, ಬಿಸಿಲನ್ನು ತಾಳೀತೇ ಇಲ್ಲವೇ ಎಂಬುದನ್ನು ತಳಿಯಿಂದ ಅರಿಯಬಹುದು. ಸ್ವಭಾವದ ವಿಷಯ ಹಾಗಲ್ಲ. 2022ರಲ್ಲಿ ಅಮೆರಿಕದ ಸಂಶೋಧಕರು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೊಂದು ನಾಯಿಯ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಸುಮಾರು ಶೇಕಡಾ 9 ಮಾತ್ರ. ಉಳಿದುದು ಆ ನಾಯಿಯ ಹುಟ್ಟುಗುಣ, ತಾಯಿಯ ಆರೈಕೆ, ಬೆಳೆದ ವಾತಾವರಣ, ಯಜಮಾನನ ನಡತೆ ಇವುಗಳಿಗೆ ಸೇರಿದುದು. 'ಈ ತಳಿ ಕಚ್ಚುವುದೇ ಇಲ್ಲ' ಎಂದು ಮಾರುವವನು ಹೇಳಿದರೆ ನಂಬಬೇಕಾಗಿಲ್ಲ. 'ಈ ತಳಿ ಮೂವತ್ತು ಕಿಲೋ ತೂಗುತ್ತದೆ' ಎಂದರೆ ಮಾತ್ರ ತಪ್ಪದೆ ನಂಬಬೇಕು.

ಮನೆಯವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದುದು

ಮೊದಲನೆಯದು, ಆರೈಕೆ ಮಾಡುವವರು ಯಾರು? ಮಕ್ಕಳು ಮಾತು ಕೊಡುತ್ತಾರೆ. ಪರೀಕ್ಷೆ ಬಂದೊಡನೆ ಮರೆಯುತ್ತಾರೆ. ಯಜಮಾನರು ಬೆಳಗ್ಗೆ ಕಚೇರಿಗೆ ಹೊರಟರೆ ಸಂಜೆಗೆ ಮರಳುತ್ತಾರೆ. ಕೊನೆಗೆ ಆ ಭಾರವೆಲ್ಲ ಮನೆಯ ತಾಯಿಯ ಮೇಲೆ, ಇಲ್ಲವೆ ಸೊಸೆಯ ಮೇಲೆ ಬೀಳುತ್ತದೆ. ಎಳೆಯ ಮರಿಯನ್ನು ಎರಡು ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು. ಬೆಳೆದ ನಾಯಿಯನ್ನು ದಿನಕ್ಕೆ ಎರಡು ಬಾರಿಯಾದರೂ ನಡೆಸಬೇಕು. ಈ ಕೆಲಸ ಮಾಡಬೇಕಾದವರ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಮರಿಯನ್ನು ತರುವುದು ಅನ್ಯಾಯ.

ಎರಡನೆಯದು, ಎಷ್ಟು ವರ್ಷ? ದೊಡ್ಡ ತಳಿಗಳು ಹತ್ತು ಹನ್ನೆರಡು ವರ್ಷ, ಸಣ್ಣ ತಳಿಗಳು ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತವೆ. ಇಂದು ಹತ್ತು ವರ್ಷದ ಮಗನು ಅಷ್ಟರಲ್ಲಿ ಓದು ಮುಗಿಸಿ ಪರ ಊರಿನಲ್ಲಿ ನೌಕರಿ ಹಿಡಿದಿರುತ್ತಾನೆ. ನಾಯಿ ಮಾತ್ರ ತಂದೆತಾಯಿಗಳ ಬಳಿಯೇ ಉಳಿಯುತ್ತದೆ.

ಮೂರನೆಯದು, ಮನೆಯಲ್ಲಿ ಯಾರು ಯಾರಿದ್ದಾರೆ? ನಾನು ಬಲ್ಲ ಒಂದು ಮನೆಯಲ್ಲಿ ಎಪ್ಪತ್ತರ ಹತ್ತಿರದ ದಂಪತಿಗಳು ಇಬ್ಬರೇ. 'ನಿಮಗೆ ಕಾವಲಿರಲಿ' ಎಂದು ಮಗನು ಜರ್ಮನ್ ಶೆಫರ್ಡ್ ಮರಿಯನ್ನು ತಂದುಕೊಟ್ಟು ವಿದೇಶಕ್ಕೆ ತೆರಳಿದ. ಮಗನ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಒಂದು ವರ್ಷ ತುಂಬುವುದರೊಳಗೆ ಮರಿ ಮೂವತ್ತು ಕಿಲೋ ದಾಟಿತು. ಒಮ್ಮೆ ಬೆಕ್ಕನ್ನು ಕಂಡು ಅದು ಹಗ್ಗ ಜಗ್ಗಿದಾಗ ತಾಯಿ ಬಿದ್ದು ಮುಂಗೈ ಮುರಿದುಕೊಂಡರು. ಅಂದಿನಿಂದ ನಾಯಿ ಗೇಟಿನ ಬಳಿಯ ಸರಪಳಿಗೆ ಕಟ್ಟಿಹೋಯಿತು. ಓಡಾಟವಿಲ್ಲದೆ ಹಗಲಿರುಳು ಬೊಗಳತೊಡಗಿತು, ನೆರೆಹೊರೆಯವರೊಡನೆ ಮನಸ್ತಾಪ ಬೆಳೆಯಿತು. ಕಡೆಗೆ ಸಂಬಂಧಿಕರ ತೋಟಕ್ಕೆ ಅದನ್ನು ಸಾಗಿಸಿದಾಗ ಆ ಹಿರಿಯರು ಎರಡು ದಿನ ಊಟ ಬಿಟ್ಟರು. ನಾಯಿಯದು ತಪ್ಪಲ್ಲ, ಅವರದೂ ಅಲ್ಲ. ಮನೆಗೂ ನಾಯಿಗೂ ಹೊಂದಿಕೆಯಿರಲಿಲ್ಲ, ಅಷ್ಟೆ.

ನಾಲ್ಕನೆಯದು, ಊರಿನ ಹವೆ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈಯ ಕಾವನ್ನು ಕಳೆದುಕೊಳ್ಳಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು ಸೀಮೆಗಳಿಗೂ ತಂಪಾದ ಮಡಿಕೇರಿಗೂ ಒಂದೇ ತಳಿ ಒಪ್ಪಲಾರದು.

ಕೆಲವು ತಳಿಗಳ ಗುಣದೋಷ

ಮುಧೋಳ ನಾಯಿ: ನಮ್ಮ ಬಾಗಲಕೋಟೆ ಜಿಲ್ಲೆಯ ಹೆಮ್ಮೆ. ಹಳ್ಳಿಗಳಲ್ಲಿ ಕರವಾನಿ ಎಂದೂ ಕರೆಯುವುದುಂಟು. ಮುಧೋಳ ಸಂಸ್ಥಾನದ ಅರಸು ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ ಪ್ರಸಿದ್ಧಿಗೆ ತಂದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಭಾರತೀಯ ಸೇನೆಯು ತರಬೇತಿಗಾಗಿ ಮರಿಗಳನ್ನು ಮೀರತ್ತಿಗೆ ಒಯ್ದಿತು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಇದನ್ನು ಹೆಸರಿಸಿದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ತೆಳುಮೈ, ಉದ್ದ ಕಾಲು, ಚುರುಕು ಕಣ್ಣು ಇದರ ಲಕ್ಷಣಗಳು. ನಮ್ಮ ಬಿಸಿಲಿಗೆ ಹೊಂದಿದ ದೇಹ. ಕೂದಲಿನ ಆರೈಕೆ ಅತ್ಯಲ್ಪ. ಆದರೆ ಇದು ಕಣ್ಣಿಗೆ ಕಂಡುದನ್ನು ಅಟ್ಟಿ ಹಿಡಿಯುವ ಬೇಟೆನಾಯಿ. ಓಡಲು ಬಯಲು ಬೇಕು, ಕಾಂಪೌಂಡು ಎತ್ತರವಿರಬೇಕು. ಅಪರಿಚಿತರು ಮೈ ಮುಟ್ಟುವುದು ಇದಕ್ಕೆ ಸೇರದು. ಕೋಳಿ, ಬೆಕ್ಕು ಇರುವ ಮನೆಯಲ್ಲಿ ಎಚ್ಚರ ಬೇಕು. ತೋಟದ ಮನೆಯುಳ್ಳ ರೈತ ಕುಟುಂಬಕ್ಕೆ ಉತ್ತಮ; ಮೂರನೆಯ ಮಹಡಿಯ ಎರಡು ಕೋಣೆಯ ಮನೆಗೆ ಸಲ್ಲದು. ನಮ್ಮ ನಾಡಿನದೆಂಬ ಅಭಿಮಾನವೊಂದೇ ಅದನ್ನು ಕಟ್ಟಿಹಾಕಲು ಕಾರಣವಾಗಬಾರದು.

ಲ್ಯಾಬ್ರಡಾರ್: ಮೊದಲ ಬಾರಿಗೆ ಸಾಕುವವರು ಬಹುವಾಗಿ ಆರಿಸುವ ತಳಿ. ಇದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಮೀನುಗಾರರ ನಾಯಿಗಳು. ಕಲಿಸಿದುದನ್ನು ಬೇಗ ಕಲಿಯುತ್ತದೆ. ಸಾಮಾನ್ಯವಾಗಿ ಮಕ್ಕಳೊಡನೆ ಹೊಂದಿಕೊಳ್ಳುತ್ತದೆ. ಆದರೆ ವರ್ಷವಿಡೀ ಕೂದಲು ಉದುರುತ್ತದೆ, ಚಟುವಟಿಕೆ ಹೆಚ್ಚು, ಹಸಿವು ತೀರುವುದೇ ಇಲ್ಲ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು, ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿನಲ್ಲಿ ಹಸಿವು ಹೆಚ್ಚಿಸುವ ವಂಶವಾಹಿ ದೋಷವಿರುವುದನ್ನು ಕಂಡುಹಿಡಿದರು. ಪ್ರೀತಿಯಿಂದ ತುತ್ತು ತುತ್ತಾಗಿ ತಿನ್ನಿಸುವ ಅಜ್ಜಿಯರಿರುವ ಮನೆಯಲ್ಲಿ ಇದು ಬೇಗ ಬೊಜ್ಜು ಬೆಳೆಸಿ, ಸೊಂಟದ ಕೀಲಿನ ಬೇನೆಗೆ ತುತ್ತಾಗುತ್ತದೆ.

ಜರ್ಮನ್ ಶೆಫರ್ಡ್: 1899ರಿಂದ ಜರ್ಮನಿಯಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬವರು ರೂಪಿಸಿದ ತಳಿ, ಮೂಲತಃ ಕುರಿಕಾಯುವ ನಾಯಿ. ಬುದ್ಧಿ ಚುರುಕು, ಅದಕ್ಕೆ ತಕ್ಕ ಕೆಲಸವಿಲ್ಲದಿದ್ದರೆ ಆ ಬುದ್ಧಿಯೇ ಉಪದ್ರವವಾಗುತ್ತದೆ. ಶಕ್ತಿವಂತರೂ ಶಿಸ್ತುಳ್ಳವರೂ ಮನೆಯಲ್ಲಿದ್ದರೆ ಮಾತ್ರ ಇದು ತಕ್ಕದ್ದು.

ಸ್ಪಿಟ್ಜ್: ನಮ್ಮಲ್ಲಿ 'ಪಾಮರೇನಿಯನ್' ಎಂದು ಕರೆಯುವ ಬಿಳಿಯ ನಾಯಿಗಳಲ್ಲಿ ಬಹುಪಾಲು ಭಾರತೀಯ ಸ್ಪಿಟ್ಜ್ ತಳಿಯವು. 1994ರ 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಟಫಿಯೂ ಇದೇ ಬಗೆಯದು. ಗಾತ್ರ ಸಣ್ಣದು, ತಿನ್ನುವುದು ಕಡಿಮೆ, ನಮ್ಮ ಹವೆಗೆ ಬಹುಮಟ್ಟಿಗೆ ಒಗ್ಗಿಕೊಂಡಿದೆ. ನಗರದ ಸಣ್ಣ ಮನೆಗೂ ವೃದ್ಧರಿಗೂ ಸರಿಹೋಗುತ್ತದೆ. ಬೊಗಳುವುದು ಹೆಚ್ಚು, ದಿನವೂ ಕೂದಲು ಬಾಚಬೇಕು.

ಡ್ಯಾಕ್ಸ್‌ಹಂಡ್: ಜರ್ಮನಿಯಲ್ಲಿ ಬಿಲವಾಸಿ ಪ್ರಾಣಿಯ ಬೇಟೆಗೆಂದು ಬೆಳೆಸಿದ ಗಿಡ್ಡ ಕಾಲಿನ ನಾಯಿ. ಸಣ್ಣ ಮನೆಗೆ ಒಗ್ಗುತ್ತದೆ. ಆದರೆ ಉದ್ದನೆಯ ಬೆನ್ನು ಬಹು ಸೂಕ್ಷ್ಮ. ಮೆಟ್ಟಿಲು ಹತ್ತಿಳಿಯುವುದು, ಮಂಚದಿಂದ ಧುಮುಕುವುದು ಇವುಗಳಿಂದ ಬೆನ್ನೆಲುಬಿನ ಬಿಲ್ಲೆ ಸರಿದು ಹಿಂಗಾಲುಗಳು ಸೋಲುವ ಅಪಾಯವಿದೆ.

ಪಗ್: 2003ರಲ್ಲಿ ಒಂದು ದೂರವಾಣಿ ಸಂಸ್ಥೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೇಲೆ ಈ ತಳಿಗೆ ಬೇಡಿಕೆ ಏರಿತು. ಸೌಮ್ಯ, ಸಣ್ಣದು, ಮುದ್ದು ಎಲ್ಲವೂ ನಿಜ. ಆದರೆ ಚಪ್ಪಟೆ ಮೂಗಿನಿಂದಾಗಿ ಅದಕ್ಕೆ ಉಸಿರಾಟವೇ ಪ್ರಯಾಸ. ಉಸಿರಿನಿಂದಲೇ ಮೈ ತಂಪಾಗಿಸಿಕೊಳ್ಳಬೇಕಾದ ಪ್ರಾಣಿಗೆ ಉಸಿರೇ ಸರಾಗವಾಗಿಲ್ಲದಿದ್ದರೆ ನಮ್ಮ ಬೇಸಿಗೆ ಎಷ್ಟು ಕಠಿಣವೆಂಬುದನ್ನು ಊಹಿಸಬಹುದು. ನಾವು ಮುದ್ದೆಂದು ನಗುವ ಅದರ ಗೊರಕೆ ವಾಸ್ತವದಲ್ಲಿ ಅದರ ಕಷ್ಟದ ಸದ್ದು.

ಹಸ್ಕಿ, ಸೇಂಟ್ ಬರ್ನಾರ್ಡ್: ಒಂದು ಸೈಬೀರಿಯದ ಹಿಮದ ನಾಯಿ, ಇನ್ನೊಂದು ಆಲ್ಪ್ಸ್ ಪರ್ವತದ್ದು. ದಪ್ಪ ರೋಮದ ಈ ಜೀವಗಳನ್ನು ಬಯಲುಸೀಮೆಗೆ ತರುವುದು ಹಿಂಸೆಯೇ ಸರಿ. ತಂಪು ಯಂತ್ರದ ಕೋಣೆಯಲ್ಲಿ ಇಡುತ್ತೇವೆ ಎಂಬುದು ಸಮಾಧಾನದ ಮಾತಲ್ಲ, ಸೆರೆವಾಸದ ಮಾತು.

ರಾಟ್‌ವೈಲರ್ ಮೊದಲಾದ ಬಲಿಷ್ಠ ತಳಿಗಳು: 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರವು ಇಂತಹ 23 ತಳಿಗಳನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿತು, ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕಾನೂನಿನ ವಿಚಾರ ಏನೇ ಇರಲಿ, ನಾಯಿಯ ಗುಣವನ್ನು ಓದಲು ಇನ್ನೂ ಕಲಿಯದವರ ಮನೆಗೆ ಇವು ಮೊದಲ ನಾಯಿಯಾಗಿ ಬರಬಾರದು.

ಊರ ನಾಯಿ: ಕೊನೆಯಲ್ಲಿ ಹೇಳಿದರೂ ಇದು ಕಡೆಯದಲ್ಲ. ಸಾವಿರಾರು ವರ್ಷ ಈ ನೆಲದ ಬಿಸಿಲು ಮಳೆಗಳಲ್ಲಿ ಬೆಳೆದು ಬಂದ ನಮ್ಮ ನಾಡನಾಯಿಗೆ ಗಿಡ್ಡ ಕೂದಲು, ಮಧ್ಯಮ ಗಾತ್ರ, ಗಟ್ಟಿ ದೇಹ, ಚುರುಕು ಬುದ್ಧಿ ಎಲ್ಲವೂ ಇವೆ. ಮೂಗು, ಬೆನ್ನು, ಸೊಂಟಗಳನ್ನು ಮನುಷ್ಯನ ಚಪಲಕ್ಕಾಗಿ ತಿರುಚಿಲ್ಲವಾದುದರಿಂದ ತಳಿದೋಷದ ರೋಗಗಳು ಕಡಿಮೆ. ಪ್ರಾಣಿದಯಾ ಸಂಸ್ಥೆಗಳಲ್ಲಿ ಲಸಿಕೆ ಹಾಕಿದ ಮರಿಗಳೂ, ಗುಣ ಇಂತಹುದೆಂದು ಈಗಾಗಲೇ ತಿಳಿದಿರುವ ಬೆಳೆದ ನಾಯಿಗಳೂ ದೊರೆಯುತ್ತವೆ. ಹಿರಿಯರಿರುವ ಮನೆಗೆ ಮರಿಗಿಂತ ಶಾಂತ ಸ್ವಭಾವದ ಬೆಳೆದ ನಾಯಿಯೇ ಹೆಚ್ಚು ಹಿತ. ಮೊದಲ ಬಾರಿಗೆ ಸಾಕುವ ಹೆಚ್ಚಿನ ಕುಟುಂಬಗಳಿಗೆ ನನ್ನ ಸಲಹೆ ಇದೇ.

ಮರಿಯನ್ನು ತರುವಾಗ

ನಾಯಿಮರಿಗಳ ಸಾಕಣೆ ಮತ್ತು ಮಾರಾಟದ ಬಗೆಗೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಮಾಡಿದೆ. ಅವುಗಳ ಪ್ರಕಾರ ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಈ ಎಂಟು ವಾರದ ಮಾತಿಗೆ ಆಳವಾದ ಕಾರಣವಿದೆ. ತಾಯಿಯ ಮತ್ತು ಒಡಹುಟ್ಟಿದ ಮರಿಗಳ ಸಂಗದಲ್ಲಿಯೇ ಮರಿಯು ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಮೊದಲ ಪಾಠವನ್ನು ಕಲಿಯುತ್ತದೆ. ಬೇಗ ಅಗಲಿಸಿದ ಮರಿಗೆ ಆ ಪಾಠ ತಪ್ಪಿಹೋಗುತ್ತದೆ.

ತಾಯಿನಾಯಿಯನ್ನು ನೋಡದೆ ಮರಿಯನ್ನು ಒಪ್ಪಬಾರದು. ತಾಯಿಯ ಮೈ, ಇರುವ ಜಾಗ, ಮನುಷ್ಯರನ್ನು ಕಂಡಾಗ ಅದು ನಡೆದುಕೊಳ್ಳುವ ರೀತಿ ಇವು ಮರಿಯ ಭವಿಷ್ಯವನ್ನು ಯಾವ ಪ್ರಮಾಣಪತ್ರಕ್ಕಿಂತಲೂ ಚೆನ್ನಾಗಿ ಹೇಳುತ್ತವೆ. ಮೈಮೇಲೆ ಎರಗುವ ಮರಿಯೂ ಬೇಡ, ಮೂಲೆಯಲ್ಲಿ ನಡುಗುವ ಮರಿಯೂ ಬೇಡ. ಕುತೂಹಲದಿಂದ ಬಂದು ಮೂಸಿ, ಎತ್ತಿಕೊಂಡಾಗ ಕ್ಷಣಕಾಲ ಕೊಸರಾಡಿ ಸುಮ್ಮನಾಗುವ ಮರಿ ಮೊದಲ ಮನೆಗೆ ತಕ್ಕುದು.

ಸಸ್ಯಾಹಾರಿ ಮನೆಯ ಪ್ರಶ್ನೆ

ಮಾಂಸವನ್ನು ಹೊಸ್ತಿಲ ಒಳಗೆ ತಾರದ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮರಿಯನ್ನು ತಂದ ಮೇಲೆ ಚರ್ಚಿಸುವುದಕ್ಕಿಂತ ಮೊದಲೇ ನಿಶ್ಚಯಿಸುವುದು ಲೇಸು. ಬೆಕ್ಕು ಮಾಂಸಾಹಾರವಿಲ್ಲದೆ ಆರೋಗ್ಯದಿಂದ ಬಾಳಲಾರದು. ನಾಯಿಯ ಸ್ಥಿತಿ ಬೇರೆ. ತೋಳಗಳಿಗಿಂತ ನಾಯಿಗಳಲ್ಲಿ ಪಿಷ್ಟವನ್ನು ಜೀರ್ಣಿಸುವ ವಂಶವಾಹಿಯ ಪ್ರತಿಗಳು ಹೆಚ್ಚಾಗಿವೆಯೆಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಮನುಷ್ಯನ ರೊಟ್ಟಿ ತಿನ್ನುತ್ತ ನಾಯಿ ಮನುಷ್ಯನ ನೆರೆಗೆ ಹೊಂದಿಕೊಂಡಿದೆ ಎಂದಾಯಿತು.

ಹಾಗೆಂದು ಬರೀ ರೊಟ್ಟಿ ಹಾಲು, ಅನ್ನ ಮೊಸರು ಸಾಕೆಂದು ತಿಳಿಯಬಾರದು. ಬೆಳೆಯುವ ಮರಿಗೆ ಸಸಾರಜನಕವೂ ಸುಣ್ಣದ ಅಂಶವೂ ಹದವರಿತು ದೊರೆಯಬೇಕು. ಬೇಯಿಸಿದ ಬೇಳೆ, ಸೋಯಾ, ಪನೀರು, ಮೊಸರು ಇವುಗಳೊಡನೆ ಪಶುವೈದ್ಯರು ಸೂಚಿಸಿದ ಪೋಷಕಾಂಶಗಳನ್ನು ಸೇರಿಸಬೇಕು. ಪೇಟೆಯಲ್ಲಿ ಸಿದ್ಧ ಸಸ್ಯಾಹಾರಿ ಶ್ವಾನಾಹಾರವೂ ದೊರೆಯುತ್ತದೆ. ಬೆಳೆದ ಅನೇಕ ನಾಯಿಗಳಿಗೆ ಹಾಲು ಒಗ್ಗದೆ ಭೇದಿಯಾಗುತ್ತದೆ, ಮೊಸರು ಮೇಲು.

ನಮ್ಮ ಅಡುಗೆಮನೆಯ ಕೆಲವು ಪದಾರ್ಥಗಳು ನಾಯಿಗೆ ವಿಷವೆಂಬುದನ್ನು ಮನೆಯ ಎಲ್ಲರೂ ಅರಿತಿರಬೇಕು. ಈರುಳ್ಳಿ, ಬೆಳ್ಳುಳ್ಳಿಗಳು ರಕ್ತದ ಕೆಂಪುಕಣಗಳನ್ನು ನಾಶಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡಕ್ಕೆ ಮಾರಕ. ಚಾಕೊಲೇಟ್ ಹೃದಯಕ್ಕೂ ನರಗಳಿಗೂ ಅಪಾಯಕಾರಿ. ಮಿಕ್ಕ ಸಾರನ್ನು ಸುರಿಯುವುದು, ಹಬ್ಬದ ದಿನ ಪಾಯಸದ ದ್ರಾಕ್ಷಿಯನ್ನು ಮಕ್ಕಳು ಪ್ರೀತಿಯಿಂದ ತಿನ್ನಿಸುವುದು ಸಲ್ಲದು.

ಲಸಿಕೆ, ಎಚ್ಚರಿಕೆ

ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ವಿರುದ್ಧ ಲಸಿಕೆ ಆರಂಭವಾಗಬೇಕು. ಮೂರು ನಾಲ್ಕು ವಾರಗಳ ಅಂತರದಲ್ಲಿ ಮುಂದುವರಿಯಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಬಳಿಕ ವೈದ್ಯರು ಹೇಳಿದಂತೆ ಪುನರಾವರ್ತನೆ. ಜಂತುಹುಳುವಿನ ಔಷಧ, ಉಣ್ಣೆ ಚಿಗಟಗಳ ನಿವಾರಣೆ ತಪ್ಪಿಸಬಾರದು. ನಗರಗಳಲ್ಲಿ ಸ್ಥಳೀಯ ಸಂಸ್ಥೆಯ ನೋಂದಣಿಯನ್ನೂ ವಿಚಾರಿಸಬೇಕು.

1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಬ್ಬ ಬಾಲಕನಿಗೆ ಮೊದಲ ರೇಬೀಸ್ ಚಿಕಿತ್ಸೆ ಆರಂಭಿಸಿದ ದಿನದಿಂದ ಈ ರೋಗವನ್ನು ತಡೆಯುವ ಉಪಾಯ ಮನುಷ್ಯನ ಕೈಯಲ್ಲಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಉಪಾಯ ಮಾತ್ರ ಇಂದಿಗೂ ಕೈಗೆ ಸಿಕ್ಕಿಲ್ಲವೆಂದೇ ಹೇಳಬೇಕು. ಮನೆಯ ನಾಯಿಯೇ ಕಚ್ಚಿರಲಿ, ಬೀದಿಯ ನಾಯಿಯೇ ಕಚ್ಚಿರಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚಿ ಕುಳಿತುಕೊಳ್ಳುವುದು ಪ್ರಾಣಾಪಾಯ.

ಗೃಹಸ್ಥರಲ್ಲಿ ಒಂದು ಬಿನ್ನಹ

ಒಟ್ಟಿನಲ್ಲಿ, ಬಯಲುಳ್ಳ ರೈತರಿಗೆ ಮುಧೋಳವಾಗಲಿ ಊರ ನಾಯಿಯಾಗಲಿ. ಸಮಯವೂ ಶಕ್ತಿಯೂ ಇರುವ ನಗರದ ಕುಟುಂಬಕ್ಕೆ ಲ್ಯಾಬ್ರಡಾರ್ ಆಗಲಿ ಊರ ನಾಯಿಯಾಗಲಿ. ಸಣ್ಣ ಮನೆಗೆ ಸ್ಪಿಟ್ಜ್. ವೃದ್ಧರಿಗೆ ಬೆಳೆದ, ಶಾಂತವಾದ, ಹಗುರ ಮೈಯ ನಾಯಿ. ದಿನವಿಡೀ ಬೀಗ ಬಿದ್ದಿರುವ ಮನೆಗೆ ಯಾವ ನಾಯಿಯೂ ಬೇಡ. ಸದ್ಯಕ್ಕೆ ಬೇಡವೆಂದು ನಿರ್ಧರಿಸುವುದೂ ದಯೆಯ ಒಂದು ರೂಪವೇ. ಅಂತಹವರು ಬಾಗಿಲ ಮುಂದೆ ಒಂದು ಬೋಗುಣಿ ನೀರಿಟ್ಟರೆ ಬೀದಿಯ ಜೀವಗಳಿಗೆ ಅದೇ ದೊಡ್ಡ ಉಪಕಾರ.

ನಾಯಿಯು ಯಜಮಾನನನ್ನು ಆರಿಸಿಕೊಳ್ಳುವುದಿಲ್ಲ, ಆರಿಸುವವರು ನಾವು. ಆದುದರಿಂದ ಹೊಣೆಯೂ ನಮ್ಮದೇ. ಮರಿಯನ್ನು ಎತ್ತಿಕೊಳ್ಳುವ ಮೊದಲು ಮನೆಮಂದಿಯೆಲ್ಲ ಒಂದೆಡೆ ಕುಳಿತು, ಅದರ ಮುಪ್ಪಿನ ದಿನಗಳಲ್ಲಿ, ಕಣ್ಣು ಮಂಜಾಗಿ ಕಾಲು ಸೋತಾಗ, ಯಾರು ನೋಡಿಕೊಳ್ಳುವರೆಂಬುದನ್ನು ಮಾತಾಡಿಕೊಳ್ಳಲಿ. ಆ ಮಾತಿಗೆ ಮನೆಯಲ್ಲಿ ಒಬ್ಬರಾದರೂ ತಡವರಿಸದೆ 'ನಾನು' ಎಂದರೆ, ಆಗ ಧಾರಾಳವಾಗಿ ತರಬಹುದು.